ಲಲ್ಲಾ ಯಮೂನಾ ಹೊಸೆದ ಪದ

ಲಲ್ಲಾ ಯಮೂನಾ ಬರುವ ಮೊದಲು ಅವಳ ನಗು ಬರುತ್ತಿತ್ತು. ಹಳೆಯ ಕೋಟೆಪೇಟೆ ಕಸ್ಬಾದ ಮೆಟ್ಟಿಲೋಣಿಯ ಕೆಳತಿರುವಿನಲ್ಲಿ ಅದು ಕೇಳಿಸಿದರೆ ಮೇಲಿನ ಮನೆಗಳ ಹೆಂಗಸರು ಕಾಫಿಗೆ ನೀರಿಡುತ್ತಿದ್ದರು. ಎಲ್ಲರೂ ಗೌರವದಿಂದ ‘ಲಲ್ಲಾ’ ಎನ್ನುತ್ತಿದ್ದ ಆ ಸ್ಥೂಲಕಾಯದ ಹೆಂಗಸು ಬಿಳಿಯ ಹಾಯಿಕ್ ಹೊದಿಕೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಹೆಜ್ಜೆಗೊಬ್ಬರನ್ನು ರೇಗಿಸುತ್ತ ಬಾಗಿಲು ಮುಟ್ಟುವಷ್ಟರಲ್ಲಿ ನೀರು ಕುದಿದಿರುತ್ತಿತ್ತು. ಎಂಬತ್ತು ದಾಟಿದ ಮೇಲೆ ಮಂಡಿನೋವಿಗೆ ಅವಳಿಟ್ಟ ಹೆಸರು ‘ಎರಡನೇ ಗಂಡ’. “ಮೊದಲ್ನೋನು ಪಾಪ, ಬಾಯೇ ಬಿಡ್ತಿರ್ಲಿಲ್ಲ. ಇವನು ನೋಡು, ಬೆಳಗಾಗೋ ತನಕ ಗೊಣಗ್ತಾನೆ.”

ಮದುವೆಮನೆಗಳಲ್ಲಿ ಅತ್ತೆಯಂದಿರ ನಡಿಗೆಯನ್ನು ಅವರೆದುರೇ ನಡೆದು ತೋರಿಸುವಳು. ಸಾವಿನ ಮನೆಯವರೂ ಮೂರು ದಿನ ಕಳೆದ ಮೇಲೆ ಅವಳಿಗೆ ಹೇಳಿಕಳಿಸುತ್ತಿದ್ದರು. ತನಗೆ ಹಿಡಿಸದ ಬೀಗಿತ್ತಿ ಹೆಣ್ಣು ಕೇಳಲು ಬಂದರಂತೂ ಕಾಫಿಗೆ ಸಕ್ಕರೆಯ ಬದಲು ಉಪ್ಪು ಬೀಳುತ್ತಿತ್ತು. ಆಕೆ ಮರ್ಯಾದೆಗೆ ಕಟ್ಟುಬಿದ್ದು ಒಂದೊಂದೇ ಗುಟುಕು ನುಂಗುವುದನ್ನು ಯಮೂನಾ ಪರಮ ಗಾಂಭೀರ್ಯದಿಂದ ನೋಡುತ್ತ ಕೂರುವಳು.

ರಂಜಾನಿನ ಸಂಜೆಗಳಲ್ಲಿ ಬೂಕಾಲವೆಂಬ ಶಕುನದಾಟದ ಗಡಿಗೆಗೆ ಅವಳೇ ಯಜಮಾನಿ. ಉಪವಾಸ ಬಿಟ್ಟ ಹೆಂಗಸರು ತಾರಸಿಯಲ್ಲಿ ಕೂತು, ನೀರು ತುಂಬಿದ ಗಡಿಗೆಗೆ ತಂತಮ್ಮ ಉಂಗುರ ಹಾಕಿ, ತಲೆವಸ್ತ್ರದ ತುದಿಗೆ ಗಂಟು ಬಿಗಿದು, ಮನಸ್ಸಿನಲ್ಲೇ ಒಬ್ಬರನ್ನು ನೆನೆಯುವರು. ಯಮೂನಾ ಒಂದು ಪದ ಹೇಳಿ, ಕಣ್ಣು ಮುಚ್ಚಿ ಒಂದು ಉಂಗುರ ಎತ್ತುವಳು. ಆ ಉಂಗುರದವಳು ನೆನೆದವರಿಗೆ ಆ ಪದವೇ ಶಕುನ. ನೆನೆದ ಹೆಸರನ್ನು ಬಾಯಿಬಿಡುವಂತಿಲ್ಲ, ಶಕುನವನ್ನು ಮೀರಿದರೆ ಕೇಡು ತಟ್ಟುವುದು ಉಂಗುರದವಳಿಗಲ್ಲ, ಅವಳು ಯಾರನ್ನು ನೆನೆದಳೋ ಅವರಿಗೇ. ಪದಗಳೆಲ್ಲ ಮುತ್ತಜ್ಜಿಯರ ಕಾಲದಿಂದ ಬಂದವೆಂದು ಎಲ್ಲರೂ ನಂಬಿದ್ದರು; ಯಮೂನಾಳ ಮಗಳು ಜುಲೀಖಾ ಎಲ್ಲರಿಗಿಂತ ಹೆಚ್ಚಾಗಿ ನಂಬಿದ್ದಳು.

ಹಲವು ವರ್ಷಗಳ ಹಿಂದೆ, ಹತ್ತೊಂಬತ್ತರ ವಯಸ್ಸಿನಲ್ಲಿ, ಒಂದು ಸಂಜೆ ಅವಳು ಗಂಟು ಬಿಗಿದದ್ದು ಕೆಳಗಿನ ಓಣಿಯ ತಾಮ್ರದ ಕೆಲಸದ ಸಿದ್ ಅಲಿಯ ಹೆಸರಿನಲ್ಲಿ. ತಾಯಿ ಗಂಟಲು ಸರಿಮಾಡಿಕೊಂಡು ಹೇಳಿದ ಪದ ಹೀಗಿತ್ತು:

“ಬಾಗಿಲು ತಟ್ಟಿ ಬಂದವನಿಗೆ ಬಾಗಿಲ ತೆರೆಯಬೇಡ,
ತೆರೆದರೆ ಅವನ ದೀಪದಲ್ಲಿ ಎಣ್ಣೆಯು ಉಳಿಯದು.”

ಮೂವರು ಗಂಡಂದಿರನ್ನು ಮಣ್ಣಿಗೆ ಕಳಿಸಿದ್ದ ಸೋದರತ್ತೆ ತಮಾನಿಯ ಕಡೆ ನೋಡಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆದರೆ ಗಡಿಗೆಯಿಂದ ಬಂದದ್ದು ಜುಲೀಖಾಳ ಉಂಗುರ.

ಹಬ್ಬ ಕಳೆದ ಶುಕ್ರವಾರ ಸಿದ್ ಅಲಿಯ ತಾಯಿ ಹೆಣ್ಣು ಕೇಳಲು ಬಂದಳು. ಒಳಮನೆಯಲ್ಲಿ ಜುಲೀಖಾ, “ಬೇಡ ಯಮ್ಮಾ” ಎಂದಳು.

“ಯಾಕೇ? ಹುಡುಗ ಚೆನ್ನಾಗೇ ಇದಾನಲ್ಲ.”

“ಬೇಡ ಅಂದ್ರೆ ಬೇಡ.”

ಯಮೂನಾ ಯಾವತ್ತೂ ಮಗಳ ಪಕ್ಷ. ಸೀದಾ ಉಪ್ಪಿನ ಡಬ್ಬಿಗೆ ಕೈಹಾಕಿದಳು.

ಸಿದ್ ಅಲಿ ಬೇರೆ ಹುಡುಗಿಯನ್ನು ಕಟ್ಟಿಕೊಂಡು ಮಕ್ಕಳು ಮೊಮ್ಮಕ್ಕಳನ್ನು ಕಂಡ. ಕೇಳಿಬಂದ ಇನ್ನಾರಿಗೂ ಜುಲೀಖಾ ಒಪ್ಪಲಿಲ್ಲ. ದಿನವೂ ಕೆಳಗಿನ ಓಣಿಯಿಂದ ಅವನ ಸುತ್ತಿಗೆಯ ಸದ್ದು ಕೇಳಿದಾಗ, ಅವನು ಬದುಕಿರುವುದು ನನ್ನಿಂದ ಎಂದುಕೊಳ್ಳುವಳು. ಮದುವೆಯಿಲ್ಲದ ಬಾಳಿಗೆ ಅದೊಂದೇ ಸಮಾಧಾನ, ಮತ್ತು ಅದು ಸಣ್ಣದೇನೂ ಆಗಿರಲಿಲ್ಲ.

ಅವಳ ಕೂದಲು ಬೆಳ್ಳಗಾದ ಮೇಲೆ ಒಂದು ರಂಜಾನಿನಲ್ಲಿ, ಯಮೂನಾಳ ಮರಿಮಗಳೊಬ್ಬಳು ಆ ಪದವನ್ನು ಅವಳಿಂದ ಮತ್ತೆ ಹೇಳಿಸಿಕೊಂಡು, “ಇದನ್ನ ಯಾರು ಕಲಿಸಿದ್ರು, ಅಜ್ಜೀ?” ಎಂದಳು.

“ಯಾರೂ ಇಲ್ಲ ಕಣೇ! ತಮಾನಿ ನಾಲ್ಕನೇ ಗಂಡನ್ನ ಹುಡುಕ್ತಿದ್ಳಲ್ಲ, ಅವಳನ್ನ ರೇಗಿಸೋಕೆ ಆ ಗಳಿಗೇಲೇ ಹೊಸೆದದ್ದು. ಈ ಹಾಳು ಕೈ ನೋಡು, ತಮಾನಿ ಉಂಗುರ ಅಂದ್ಕೊಂಡು ನಮ್ಮ ಜುಲೀಖಾದು ಎತ್ಬಿಡ್ತು!”

ಎಲ್ಲರೂ ನಕ್ಕರು. ಕಾಫಿಯ ತಟ್ಟೆ ಹಿಡಿದಿದ್ದ ಜುಲೀಖಾ ನಿಂತಲ್ಲೇ ನಿಂತಳು. ಅವಳ ಮುಖ ನೋಡಿದ ಯಮೂನಾಳ ನಗು ಅರ್ಧಕ್ಕೇ ಕಡಿಯಿತು. ಹಾಗಾದದ್ದನ್ನು ಆ ಮನೆ ಅದುವರೆಗೆ ಕಂಡಿರಲಿಲ್ಲ.

“ಜುಲೀಖಾ, ಆವತ್ತು ಯಾರ ಹೆಸರಲ್ಲಿ ಗಂಟು ಹಾಕಿದ್ದೆ?”

“ಯಾವ ಗಂಟು ಯಮ್ಮಾ? ನಂಗೆ ನೆನಪಿಲ್ಲ.”

“ನನ್ನಾಣೆ ಹೇಳು.”

“ಕಾಫಿ ಆರ್ತಿದೆ, ಕುಡಿ.”

ಯಮೂನಾ ಮತ್ತೆ ಕೇಳಲಿಲ್ಲ. ಮಾರನೆಯ ಬೆಳಗಿನಿಂದ ಮಗಳೊಬ್ಬಳಿಗಾಗಿಯೇ ದಿನಕ್ಕೊಂದು ಚೇಷ್ಟೆ ಮಾಡತೊಡಗಿದಳು. ಜುಲೀಖಾ ಪ್ರತಿಯೊಂದಕ್ಕೂ ತಪ್ಪದೆ ನಕ್ಕಳು. ಬಾಳೆಲ್ಲ ಜನರ ನಗುವನ್ನೇ ಅಳೆದವಳಿಗೆ ಆ ನಗುವಿನ ಪೊಳ್ಳು ತಿಳಿಯದೆ ಇದ್ದೀತೇ? ತಾಯಿ ಆ ಚಳಿಗಾಲದಲ್ಲೇ ತೀರಿಕೊಂಡಳು. ಸಿದ್ ಅಲಿ ಸಿಗದ ನೋವನ್ನು ಜುಲೀಖಾ ಹೇಗೋ ನುಂಗಿಕೊಂಡಿದ್ದಾಳೆ. ಆ ಸಂಜೆ ತಟ್ಟೆಯನ್ನು ನೆಲಕ್ಕೆ ಕುಕ್ಕಿ, “ನನ್ನ ಬಾಳು ಹಾಳು ಮಾಡಿದೆಯಲ್ಲ ಯಮ್ಮಾ” ಎಂದು ತಾನು ತಾಯಿಯ ಮಡಿಲಿಗೆ ಬಿದ್ದು ಅಳಲಿಲ್ಲವಲ್ಲ ಎಂಬುದನ್ನು ಮಾತ್ರ ನುಂಗಲಾಗಿಲ್ಲ.

ಮನೆಯನ್ನು ನಗಿಸುವವರು ಎಲ್ಲ ಕುಟುಂಬಗಳಲ್ಲೂ ಒಬ್ಬರಿರುತ್ತಾರೆ. ಅವರ ಕಣ್ಣಲ್ಲಿ ನೀರು ನೋಡಲಾರೆವೆಂದು ನಾವು ನಮ್ಮ ನೋವನ್ನು ಅವರಿಂದ ಮುಚ್ಚಿಡುತ್ತೇವೆ, ಅದನ್ನೇ ಪ್ರೀತಿಯೆಂದೂ ತಿಳಿಯುತ್ತೇವೆ. ಕೊನೆಗೆ ಅಂಥವರು ತುಂಬಿದ ಮನೆಯ ನಡುವೆ, ತಮ್ಮ ಪಾಲಿನ ಅಳುವನ್ನು ಅಳಲು ಒಬ್ಬರೂ ಜೊತೆಗಿಲ್ಲದೆ ಹೋಗುತ್ತಾರೆ.