ದೊಡ್ಡಮ್ಮ ಬಿಡಿಸಿ ನೋಡಿದ ಖರ್ಜೂರ

ಬೆಳಗಿನ ಆರಕ್ಕೆ ಅಡುಗೆಮನೆಯ ಬೀಗ ತೆಗೆದು, ಚಪ್ಪಲಿ ಕಳಚಿ ರಬ್ಬರ್ ಬೂಟಿಗೆ ಕಾಲು ತೂರಿಸಿ, ಮಾಸ್ಕು ಕಟ್ಟಿಕೊಂಡು, ಗೆಣಸಿನ ಬುಟ್ಟಿಯನ್ನು ನಲ್ಲಿಯ ಕೆಳಗೆ ಎಳೆದರೆ ಅಕ್ಕನ ದಿನ ಶುರುವಾಯಿತೆಂದು ಅರ್ಥ. ಹೆತ್ತವರಿಟ್ಟ ಹೆಸರು ಗುರುತಿನ ಚೀಟಿಯಲ್ಲಷ್ಟೇ ಉಳಿದಿತ್ತು. ಆ ಆಶ್ರಯಧಾಮದಲ್ಲಿ ಡಾಕ್ಟರಿಂದ ಹಿಡಿದು ಗೇಟು ಕಾಯುವವರವರೆಗೆ ಎಲ್ಲರಿಗೂ ಆಕೆ ಅಕ್ಕ. ಉಣ್ಣುವ ಬಾಯಿಗಳು ಹನ್ನೊಂದು, ಹನ್ನೊಂದೂ ಚಿಂಪಾಂಜಿಗಳು. ಕೆಲವು ಸರ್ಕಸ್ಸಿನ ಡೇರೆಯಿಂದ ಬಂದವು, ಕೆಲವು ಔಷಧಿಯ ಪ್ರಯೋಗಶಾಲೆಯಿಂದ. ಒಂದನ್ನಂತೂ ಯಾರೋ ಮನೆಯಲ್ಲಿ ಅಂಗಿ ಚಡ್ಡಿ ತೊಡಿಸಿ ಸಾಕಿ, ಬೆಳೆದ ಮೇಲೆ ಹೆದರಿ ತಂದು ಬಿಟ್ಟುಹೋಗಿದ್ದರು. ಅದಕ್ಕೆ ಅಮಲ್ದಾರನೆಂದು ಹೆಸರು. ಬಂದು ಒಂಬತ್ತು ವರ್ಷವಾದರೂ ಬೂಟು ಕಂಡಲ್ಲೆಲ್ಲ ಲೇಸು ಬಿಚ್ಚುವುದನ್ನು ಬಿಟ್ಟಿರಲಿಲ್ಲ.

ಗೆಣಸು ಹೆಚ್ಚುವಾಗ ಅಕ್ಕನಿಗೆ ಪದ್ಯ ಬೇಕು. ಅವಳ ತಂದೆ ದಿನವೂ ಸ್ನಾನ ಮುಗಿಸಿ, ಮಣೆಯ ಮೇಲೆ ಪುಸ್ತಕವಿಟ್ಟು ರಾಗವಾಗಿ ಓದುತ್ತಿದ್ದರು. ಗೋಡೆಗೊರಗಿ ಕೂತ ಹುಡುಗಿಗೆ ಅರ್ಥ ಆಮೇಲೆ ಬಂತು, ತಾಳ ಮೊದಲೇ ಮೈಗೆ ಹತ್ತಿತ್ತು. ಈಗಲೂ ಅವಳ ಚಾಕು ಆ ನಡೆಯಲ್ಲೇ ನಡೆಯುತ್ತದೆ. ಮಾಸ್ಕಿನೊಳಗಿಂದ ಹೊರಡುವ ದನಿ ಸಣ್ಣದು, ಪಕ್ಕದಲ್ಲಿದ್ದವರಿಗೂ ಪೂರ್ತಿ ಕೇಳಿಸದು. ಅದನ್ನು ಕೇಳಲು ಬರುತ್ತಿದ್ದವಳು ಒಬ್ಬಳೇ, ಆ ಹನ್ನೊಂದರಲ್ಲಿ ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮ. ಅಡುಗೆಮನೆಯ ಹಿಂಬದಿಯ ಕಿಟಕಿಯಾಚೆ ಒಂದು ಓಣಿ, ಅದರ ಆ ಮಗ್ಗುಲಿಗೆ ಕಬ್ಬಿಣದ ಜಾಲರಿ. ಜಾಲರಿಗೆ ಬೆನ್ನು ಆನಿಸಿ, ಮುದುಕಿ ಅಲ್ಲಿ ಕೂತುಬಿಡುತ್ತಿದ್ದಳು. ಬೆನ್ನಿನ ಕೂದಲು ಬೂದಿಬಣ್ಣ, ಎಡಗಿವಿ ಅರ್ಧ ಹರಿದದ್ದು, ಕೆಳತುಟಿಯ ಒಳಗೆ ಅಳಿಸಲಾಗದ ಒಂದು ನಂಬರು.

ಆ ನಂಬರು ಹಾಕಿದ ಪ್ರಯೋಗಶಾಲೆಯಲ್ಲಿ ಮೊದಲು ಸಿಹಿ ಕೊಟ್ಟು, ಅದು ಬಾಯಲ್ಲಿ ಕರಗುವಷ್ಟರಲ್ಲಿ ಸೂಜಿ ಚುಚ್ಚುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ಎರಡು ವರ್ಷ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಂಡವಳಲ್ಲ. ಅಕ್ಕ ದಿನಾ ಜಾಲರಿಯ ಸಂದಿಗೆ ಒಂದು ತುಂಡು ಹಣ್ಣು ಹಿಡಿದು ನಿಲ್ಲುವುದು, ತೋಳು ಸೋತ ಮೇಲೆ ಇಟ್ಟು ಹೋಗುವುದು. ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಒರಟು ಬೆರಳು ಬಂದು ಹಣ್ಣು ಎತ್ತಿಕೊಂಡಾಗ, ಅಕ್ಕ ಮನೆಗೆ ಹೋಗಿ ಗಂಡನಿಗೆ ಅದನ್ನೇ ಮೂರು ಸಲ ಹೇಳಿದ್ದಳು.

ಅಲ್ಲಿಂದಾಚೆಗೆ ದೊಡ್ಡಮ್ಮ ವ್ಯವಹಾರಕ್ಕೂ ಇಳಿದಳು. ಒಳಗೆ ಬೀಳಬಾರದ ವಸ್ತುವೇನಾದರೂ ಬಿದ್ದರೆ, ಅದನ್ನು ಮರಳಿಸಿದ ಚಿಂಪಾಂಜಿಗೆ ಬದಲಿಗೆ ಒಂದು ಖರ್ಜೂರವೆನ್ನುವುದು ಧಾಮದ ಪದ್ಧತಿ. ಗುಡಿಸುವವರ ರಬ್ಬರ್ ಗ್ಲೌಸು ಒಮ್ಮೆ ಅವಳಿಗೆ ಸಿಕ್ಕಿತು. ಕಿರುಬೆರಳಷ್ಟನ್ನೇ ಹರಿದು ತಂದು ಕೊಟ್ಟು ಖರ್ಜೂರ ಪಡೆದಳು. ಸ್ವಲ್ಪ ಹೊತ್ತು ಬಿಟ್ಟು ಉಂಗುರದ ಬೆರಳು ತಂದಳು. ಐದು ಬೆರಳಿಗೆ ಐದು, ಅಂಗೈಗೆ ಬೇರೆ ಒಂದು. "ಇವಳನ್ನ ಸಂತೆಗೆ ಕಳಿಸಿದ್ರೆ ನಮ್ಮನ್ನೆಲ್ಲ ಮಾರಿ ಬರ್ತಾಳೆ" ಎಂದು ನಕ್ಕಿದ್ದ ಅಕ್ಕನ ಗಂಡ. ಅವನೂ ಅಲ್ಲಿಯವನೇ, ಚಿಂಪಾಂಜಿಗಳು ಹತ್ತುವ ಅಟ್ಟ, ತೂಗುವ ಹಲಗೆ, ಮಲಗುವ ಮಂಚ ಮಾಡುವ ಬಡಗಿ.

ಇಂಥ ದೊಡ್ಡಮ್ಮನಿಗೆ ಅಕ್ಕ ಮೋಸ ಮಾಡಿದ್ದಳು. ಆಗಿ ಎರಡು ತಿಂಗಳು.

ವರ್ಷಕ್ಕೆ ನಾಲ್ಕು ಸಲ, ದೊಡ್ಡ ರಜೆಗಳಲ್ಲಿ, ನೋಡಲು ಬರುವ ಜನಕ್ಕೆ ಗೇಟು ಮುಚ್ಚಿ ಒಳಗಿನವರಿಗೆ ಪೊಟ್ಟಣದ ದಿನ ಮಾಡುವುದುಂಟು. ಹಳೆಯ ಪೇಪರು, ರಟ್ಟಿನ ಡಬ್ಬ, ಗೋಣಿಚೀಲಗಳಲ್ಲಿ ತಿಂಡಿ ಕಟ್ಟಿ ಅಂಗಳದ ತುಂಬ ಬಚ್ಚಿಡುತ್ತಾರೆ. ಕಳೆದ ಪೊಟ್ಟಣದ ದಿನಕ್ಕೆ ನಾಲ್ಕು ದಿನ ಮೊದಲು ಡಾಕ್ಟರು ದೊಡ್ಡಮ್ಮನ ಎದೆಯ ಬಡಿತ ಸರಿಯಿಲ್ಲವೆಂದು ಪುಡಿಯೊಂದನ್ನು ಕೊಟ್ಟು, "ಯಾವುದರಲ್ಲಾದ್ರೂ ಕಲಸಿ ಕೊಡಿ ಅಕ್ಕ" ಎಂದಿದ್ದರು. ಗಂಜಿಯಲ್ಲಿ ಕಲಸಿದ್ದನ್ನು ಅವಳು ಮೂಸಿ ಬಿಟ್ಟಳು. ಆಗ ಅಕ್ಕನ ಬುದ್ಧಿಗೆ ಮಂಕು ಕವಿಯಿತು. ಖರ್ಜೂರದ ಬೀಜ ತೆಗೆದು, ಆ ಜಾಗಕ್ಕೆ ಪುಡಿ ತುಂಬಿ, ಬಾಯಿ ಅಂಟಿಸಿ, ಕೆಂಪು ಪೇಪರಿನ ಎಲ್ಲಕ್ಕಿಂತ ಚಂದದ ಪೊಟ್ಟಣದಲ್ಲಿಟ್ಟಳು.

ಪೊಟ್ಟಣ ಬಿಚ್ಚಿ, ಖುಷಿಯಿಂದ ಹೂಂ ಹೂಂ ಎನ್ನುತ್ತ ಕಚ್ಚಿದ ಮುದುಕಿ ತಟ್ಟನೆ ಜಗಿಯುವುದನ್ನು ನಿಲ್ಲಿಸಿದಳು. ಬಾಯಲ್ಲಿದ್ದುದನ್ನು ಅಂಗೈಗೆ ಉಗುಳಿ ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿ ಅಕ್ಕನನ್ನು ನೋಡಿದಳು. ಕಿರುಚಲಿಲ್ಲ, ಎಸೆಯಲಿಲ್ಲ. ಎದ್ದು ಒಳಗೆ ಹೋದಳು.

ಅಂದಿನಿಂದ ಬಿಡಿಸಿದ್ದು, ಹೆಚ್ಚಿದ್ದು, ಕಲಸಿದ್ದು ಒಂದನ್ನೂ ಅವಳು ಮುಟ್ಟಲಿಲ್ಲ. ಅಕ್ಕ ಕೊಟ್ಟರೂ ಇಲ್ಲ, ಡಾಕ್ಟರು ಕೊಟ್ಟರೂ ಇಲ್ಲ. ಸಿಪ್ಪೆ ಹರಿಯದ ಹಣ್ಣು, ತೊಟ್ಟು ಮುರಿಯದ ಕಾಯಿ ನೆಲದ ಮೇಲಿದ್ದರೆ ತಿನ್ನುವಳು, ನಲ್ಲಿಯ ನೀರು ಕುಡಿಯುವಳು. ಪದ್ಯ ಕೇಳಲು ಮಾತ್ರ ಬರುವುದನ್ನು ಬಿಡಲಿಲ್ಲ. ಅಕ್ಕನಿಗೆ ಕಷ್ಟವಾದದ್ದೂ ಅದೇ. ಮುನಿದು ದೂರ ಕೂತಿದ್ದರೆ ಒಂದು ಮಾತು. ಬೆನ್ನು ಆನಿಸಿ ಕೇಳುತ್ತಾಳೆ, ಕೈ ಚಾಚಿದರೆ ಮುಖ ತಿರುಗಿಸುತ್ತಾಳೆ.

ಈಗ ಅವಳ ಕಣಕಾಲು ಊದಿತ್ತು. ಅಟ್ಟ ಹತ್ತುತ್ತಿರಲಿಲ್ಲ. ನಾಳೆ ಪೊಟ್ಟಣದ ದಿನವೆನ್ನುವಾಗ ಡಾಕ್ಟರು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಅಕ್ಕ, ಪುಡಿ ಬೇಡ, ಈಗ ಔಷಧಿ ನೀರಿನ ರೂಪದಲ್ಲೇ ಬಂದಿದೆ. ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ. ನಾಳೆ ಒಂದಿನ ನೋಡೋಣ. ಆಗ್ಲಿಲ್ಲ ಅಂದ್ರೆ ನಾಡಿದ್ದು ಬಂದೂಕಲ್ಲಿ ಸೂಜಿ ಹೊಡೆದು, ಮಂಪರು ಬರಿಸಿ, ಆಸ್ಪತ್ರೆ ಕೋಣೇಲಿ ಇಟ್ಕೋಬೇಕು."

"ಈ ಎದೆ ಇಟ್ಕೊಂಡು ಮಂಪರು ತಡೀತಾಳಾ?"

ಡಾಕ್ಟರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ತಡೀಬಹುದು. ತಡೀದೇನೂ ಇರಬಹುದು. ಏಳ್ತಾಳೆ ಅಂತ ನಾನು ಮಾತು ಕೊಡೋಕಾಗಲ್ಲ."

ಆ ಮಧ್ಯಾಹ್ನ ಗಂಡಹೆಂಡತಿ ಇಬ್ಬರೂ ಕೂತು ಪೊಟ್ಟಣ ಕಟ್ಟಿದರು. ಪಿನ್ನು ಹೊಡೆಯುವಂತಿಲ್ಲ, ಟೇಪು ಅಂಟಿಸುವಂತಿಲ್ಲ; ಮಡಿಕೆಯಲ್ಲೇ ನಿಲ್ಲಬೇಕು. ಕಡಲೆಕಾಯಿಯನ್ನು ಒಣಹುಲ್ಲಿನಲ್ಲಿ ಸುತ್ತಿ ಡಬ್ಬಕ್ಕೆ, ಡಬ್ಬವನ್ನು ಇನ್ನೊಂದು ಡಬ್ಬಕ್ಕೆ, ಅದನ್ನು ಗೋಣಿಗೆ. ಬಡಗಿ ಹೊಸದಾಗಿ ಒಂದು ಮರದ ಪೆಟ್ಟಿಗೆ ಮಾಡಿದ್ದ. ಮೈತುಂಬ ತೂತು, ಒಳಗೆ ಜೇನುತುಪ್ಪ. ಕಡ್ಡಿ ತೂರಿಸಿ ನೆಕ್ಕಬೇಕು.

"ದೊಡ್ಡಮ್ಮಂಗೆ ಏನು ಕಟ್ತೀಯೆ?" ಎಂದ ಅವನು.

"ಸಿಪ್ಪೆಸಮೇತ ಜೋಳದ ತೆನೆ, ಕಿತ್ತಳೆ. ಯಾವುದಕ್ಕೂ ಚಾಕು ಮುಟ್ಟಿಸಲ್ಲ."

"ಔಷಧಿ?"

"ಅದನ್ನ ಬಚ್ಚಿಟ್ಟು ಕೊಡಲ್ಲ."

"ಮತ್ತೆ ಹೇಗೆ, ಕಾಗದ ಬರೆದು ಕೇಳ್ಕೊತೀಯಾ?"

ಅಕ್ಕ ತಲೆಯೆತ್ತಲಿಲ್ಲ. "ಅಪ್ಪ ಓದುವಾಗ ಒಂದು ಅಕ್ಷರ ತಪ್ಪಿದ್ರೂ ಮುಂದೆ ಹೋಗ್ತಿರ್ಲಿಲ್ಲ ರೀ. ಹಿಂದಕ್ಕೆ ಬಂದು, ಆ ಸಾಲನ್ನ ಮೊದಲಿಂದ ಓದ್ತಿದ್ರು. ನಾನೂ ಹಿಂದಕ್ಕೆ ಹೋಗ್ಬೇಕು, ಅಷ್ಟೇ."

ಬಡಗಿ ಏನೋ ತಮಾಷೆ ಮಾಡಲು ಬಾಯಿ ತೆರೆದವನು, ಅವಳ ಮುಖ ನೋಡಿ ಪೇಪರು ಮಡಿಸತೊಡಗಿದ.

ಮರುದಿನ ಒಂಬತ್ತಕ್ಕೆ ಅಂಗಳದ ಬಾಗಿಲು ಸರಿಯುವಷ್ಟರಲ್ಲಿ ಒಳಗೆ ಕೂಗಾಟ ಮುಗಿಲು ಮುಟ್ಟಿತ್ತು. ಅಮಲ್ದಾರ ಮೈ ಕೂದಲು ನಿಮಿರಿಸಿಕೊಂಡು ಮೊದಲು ಹೊರಬಂದು, ಅತಿ ದೊಡ್ಡ ಗೋಣಿಯನ್ನು ಹೆಗಲಿಗೇರಿಸಿ, ಅದರಲ್ಲಿ ಬರೀ ಹುಲ್ಲಿದೆಯೆಂದು ತಿಳಿಯದೆ ಅಟ್ಟ ಹತ್ತಿದ. ಎಳೆಯವೆರಡು ಒಂದೇ ಡಬ್ಬವನ್ನು ಜಗ್ಗಾಡಿ, ಡಬ್ಬ ಹರಿದು ಕಡಲೆಕಾಯಿ ಚೆಲ್ಲಿದಾಗ ಜಗಳ ಮರೆತು ಉರುಳಾಡಿದವು. ಒಬ್ಬಳು ಒಳಗಿನ ತಿಂಡಿಯನ್ನು ಬಿಟ್ಟು ಖಾಲಿ ಡಬ್ಬವನ್ನೇ ತಲೆಗೆ ಹಾಕಿಕೊಂಡು, ಕಾಣದೆ ಗೋಡೆಗೆ ಡಿಕ್ಕಿ ಹೊಡೆಯುತ್ತ, ಅದೇ ಆಟವೆಂದು ಮತ್ತೆ ಮತ್ತೆ ಹೊಡೆದಳು. ಮರದ ಪೆಟ್ಟಿಗೆಯ ಸುತ್ತ ಕಡ್ಡಿ ಹಿಡಿದ ಮೂವರು ಶಾಲೆಯ ಮಕ್ಕಳ ಹಾಗೆ ಕೂತಿದ್ದರು.

ದೊಡ್ಡಮ್ಮ ಕೊನೆಗೆ ಬಂದಳು. ಒಂದೊಂದು ಹೆಜ್ಜೆಗೂ ನಿಂತು ಉಸಿರು ತೆಗೆದುಕೊಳ್ಳುತ್ತ, ಜಾಲರಿಯ ಬುಡದ ತನ್ನ ಪೊಟ್ಟಣದ ಹತ್ತಿರ ಕೂತಳು. ಕೆಂಪು ಪೇಪರಲ್ಲ, ಸಾದಾ ಪೇಪರು. ಬಿಚ್ಚಿದಳು. ಕಿತ್ತಳೆಯನ್ನು ತಿರುಗಿಸಿ ತಿರುಗಿಸಿ ಮೂಸಿದಳು. ಜೋಳದ ಸಿಪ್ಪೆಯನ್ನು ಎಳೆ ಎಳೆಯಾಗಿ ಸುಲಿದು, ಕಾಳಿನ ಸಾಲುಗಳ ನಡುವೆ ಉಗುರಾಡಿಸಿ, ಆಮೇಲೆ ಕಚ್ಚಿದಳು.

ಅಕ್ಕ ಒಂದು ಕೈಯಲ್ಲಿ ಔಷಧಿಯ ಬಾಟಲಿ, ಇನ್ನೊಂದರಲ್ಲಿ ಉದ್ದ ಹಿಡಿಯ ಚಮಚ ಹಿಡಿದು ಓಣಿಯಲ್ಲಿ ಕೂತಳು. ಬಾಟಲಿಯನ್ನು ಎತ್ತಿ ತೋರಿಸಿದಳು. "ಇದು ಔಷಧಿ ಕಣಮ್ಮ. ಕಹಿ. ಇದರಲ್ಲಿ ಏನೂ ಬೆರೆಸಿಲ್ಲ, ಇದನ್ನೂ ಯಾವುದರಲ್ಲೂ ಬೆರೆಸಿಲ್ಲ." ಅಷ್ಟು ಹೇಳಿ ಖಾಲಿ ಚಮಚದ ತುದಿಯನ್ನು ಜಾಲರಿಯ ಸಂದಿಯಲ್ಲಿಟ್ಟಳು. ದೊಡ್ಡಮ್ಮ ಒಂದೇ ಸಲಕ್ಕೆ ಅದನ್ನು ಒಳಗೆಳೆದುಕೊಂಡಳು.

ಬಡಗಿಯ ಜೊತೆ ಹಿಂದೆ ನಿಂತಿದ್ದ ಡಾಕ್ಟರು "ಹೋಯ್ತು ಚಮಚ" ಎಂದರು.

ಮುದುಕಿ ಚಮಚವನ್ನು ನೋಡಿದಳು, ಅಕ್ಕನನ್ನು ನೋಡಿದಳು. ಹಳೆಯ ವ್ಯವಹಾರ ನೆನಪಾಯಿತೋ ಏನೋ, ಚಮಚದ ಬಟ್ಟಲನ್ನು ಸಂದಿಯಿಂದ ಹೊರಕ್ಕೆ ಚಾಚಿದಳು. ಹಿಡಿ ಮಾತ್ರ ಅವಳ ಮುಷ್ಟಿಯಲ್ಲೇ ಇತ್ತು. ಏನು ಕೊಡ್ತೀಯ ಎಂದು ಕೇಳುವ ಹಾಗೆ.

ಅಕ್ಕನ ಜೇಬಿನಲ್ಲಿ ಖರ್ಜೂರವಿತ್ತು. ಅದನ್ನು ಮುಟ್ಟದೆ, ಔಷಧಿಯನ್ನು ಅವಳ ಕಣ್ಣೆದುರೇ ಚಮಚಕ್ಕೆ ಹುಯ್ದಳು. ದೊಡ್ಡಮ್ಮ ಮೂಸಿ, ಚಮಚವನ್ನು ಮೆಲ್ಲಗೆ ಬೋರಲು ಮಾಡಿದಳು. ನೆಲ ಕುಡಿಯಿತು.

"ಅವಳು ನನ್ನ ಮುಖ ನೋಡ್ಬೇಕು" ಎಂದಳು ಅಕ್ಕ. "ಡಾಕ್ಟ್ರೇ, ಮಾಸ್ಕ್ ತೆಗೆದು ನಾನೇ ಮೊದಲು ಕುಡಿದು ತೋರಿಸ್ತೀನಿ."

ಮನುಷ್ಯರ ನೆಗಡಿ ಅವುಗಳ ಜೀವಕ್ಕೇ ಕುತ್ತು. ಜಾಲರಿಯ ಹತ್ತಿರ ಮಾಸ್ಕು ತೆಗೆಯುವಂತಿರಲಿಲ್ಲ. ಡಾಕ್ಟರು ನೆಲದ ಹಳದಿ ಗೆರೆಯನ್ನು ತೋರಿಸಿದರು. "ಗೆರೆಯಾಚೆ ಹೋಗಿ ತೆಗೀರಿ. ಔಷಧಿ ನಾಲಿಗೆ ತುದಿಗಷ್ಟೇ, ಜಾಸ್ತಿ ಬೇಡ. ಆಮೇಲೆ ನಿಮ್ಮ ಎದೆಗೂ ನಾನೇ ಓಡಾಡ್ಬೇಕಾಗುತ್ತೆ."

ಅಕ್ಕ ನಾಲ್ಕು ಹೆಜ್ಜೆ ಹಿಂದೆ ಸರಿದು, ಗೆರೆ ದಾಟಿ, ಮಾಸ್ಕನ್ನು ಗದ್ದಕ್ಕಿಳಿಸಿದಳು. ಬಾಟಲಿಯ ಮುಚ್ಚಳಕ್ಕೆ ಎರಡು ಹನಿ ಹಾಕಿ, ನಾಲಿಗೆಗೆ ತಾಗಿಸಿದಳು. ಅಂಥ ಕಹಿಯನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಣ್ಣು ಮುಚ್ಚಿಹೋಯಿತು, ಮೂಗು ಹಣೆಗೇರಿತು, ಮೈ ಭುಜದವರೆಗೆ ಜುಮ್ಮೆಂದಿತು.

"ಇಂಗು ತಿಂದ ಮಂಗ ಅಂತಾರಲ್ಲ" ಎಂದ ಬಡಗಿ, "ಜಾಲರಿಯ ಈಚೆ ಕಡೆ ನೋಡಿದ್ದು ಇದೇ ಮೊದಲು."

"ಸುಮ್ನಿರ್ರೀ" ಎನ್ನಲು ಹೋದ ಅಕ್ಕನಿಗೆ ನಾಲಿಗೆಯೇ ಏಳಲಿಲ್ಲ. ಕಣ್ಣು ತೆರೆದಾಗ ದೊಡ್ಡಮ್ಮ ಜಾಲರಿಗೆ ಹಣೆ ಒತ್ತಿ ನಿಂತಿದ್ದಳು. ಕೆಳತುಟಿ ಜೋಲುಬಿಟ್ಟು, ಹಲ್ಲು ಕಾಣದ ಹಾಗೆ ಬಾಯಿ ಅಗಲಿಸಿ, ಹಗುರಾಗಿ ಏದುತ್ತಿದ್ದಳು. ಕಚಗುಳಿಯಿಟ್ಟಾಗ ಎಳೆಯವು ಹೀಗೆ ನಗುತ್ತವೆ. ಎರಡು ತಿಂಗಳಲ್ಲಿ ಅವಳು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

ಅಕ್ಕ ಮಾಸ್ಕು ಏರಿಸಿ ಮತ್ತೆ ಬಂದು ಕೂತಳು. ಚಮಚ ಹೊರಗೆ ಚಾಚಿಕೊಂಡೇ ಇತ್ತು. ಹುಯ್ದಳು. ಈ ಸಲ ಅದು ಬೋರಲಾಗಲಿಲ್ಲ. ಮುದುಕಿ ಬೆರಳು ಅದ್ದಿ ನೆಕ್ಕಿ, ಥೂ ಎಂದು ಉಗಿದು, ಬೆರಳನ್ನು ಗೋಡೆಗೆ ಒರೆಸಿದಳು. ಅಕ್ಕನಿಗೆ ಇನ್ನೇನು ಮಾಡಬೇಕೆಂದು ತೋಚಲಿಲ್ಲ. ತೋಚದಾಗ ಬಾಯಿಗೆ ಬರುವುದು ಒಂದೇ. ಸಣ್ಣ ದನಿಯಲ್ಲಿ ಪದ್ಯ ಹಿಡಿದಳು. ಆತುರದಲ್ಲಿ ಮೂರನೆಯ ಸಾಲು ತಪ್ಪಿತು. ನಿಂತಳು, ಹಿಂದಕ್ಕೆ ಹೋದಳು, ಮೊದಲಿಂದ ಹೇಳಿದಳು. ದೊಡ್ಡಮ್ಮ ಚಮಚ ಅಲುಗದಂತೆ ಹಿಡಿದು ಕೇಳಿದಳು. ಪದ್ಯ ಮುಗಿಯಿತು. ಅವಳು ಚಮಚವನ್ನು ತನ್ನ ಕಡೆಗೆಳೆದುಕೊಂಡು, ಅಷ್ಟನ್ನೂ ಒಂದೇ ಗುಟುಕಿಗೆ ಬಾಯಿಗೆ ಸುರಿದುಕೊಂಡಳು. ಮುಖ ಕಿವುಚಿತು, ಹರಿದ ಕಿವಿಯವರೆಗೆ ಕಿವುಚಿತು. ಆದರೆ ಉಗುಳಲಿಲ್ಲ.

ಅಂಗಳದಲ್ಲಿ ಡಬ್ಬ ತಲೆಗೇರಿಸಿದವಳು ಮತ್ತೊಮ್ಮೆ ಗೋಡೆಗೆ ಢಬ್ಬೆಂದಳು.

ಖಾಲಿ ಚಮಚ ಸಂದಿಯಿಂದ ಪೂರ್ತಿ ಹೊರಬಂದು ಅಕ್ಕನ ಮಡಿಲಿಗೆ ಬಿತ್ತು. ಅದರ ಹಿಂದೆಯೇ, ಅಂಗೈ ಮೇಲಾಗಿ, ಬೂದಿಬಣ್ಣದ ಕೈ ಚಾಚಿತು.

ಅಕ್ಕ ಜೇಬಿನಿಂದ ಖರ್ಜೂರ ತೆಗೆದು ಆ ಅಂಗೈಯಲ್ಲಿಟ್ಟಳು. ಇಡಿಯ ಖರ್ಜೂರ, ಬೀಜಸಮೇತ. ದೊಡ್ಡಮ್ಮ ಅದನ್ನು ಬಾಯಿಗಿಡಲಿಲ್ಲ. ಉಗುರಿನಿಂದ ಉದ್ದಕ್ಕೆ ಸೀಳಿ, ಬೀಜ ಎತ್ತಿ ಪಕ್ಕಕ್ಕಿಟ್ಟು, ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಮೂಸಿದಳು. ಆಮೇಲೆ ಅದನ್ನು ಎರಡು ಹೋಳು ಮಾಡಿ, ಒಂದನ್ನು ಸಂದಿಯಿಂದ ಅಕ್ಕನ ಕಡೆಗೆ ತಳ್ಳಿ, ಕಾಯುತ್ತ ಕೂತಳು.

"ಒಳಗಿಂದ ಬಂದದ್ದು ತಿನ್ನಬಾರದು" ಎಂದ ಬಡಗಿ, ಡಾಕ್ಟರ ಮುಖ ನೋಡುತ್ತ. "ನಿಯಮ ಇದೆಯಲ್ಲ."

"ಇದೆ" ಎಂದರು ಡಾಕ್ಟರು. "ನಾನು ಆ ಮರದ ಮೇಲೆ ಯಾವ ಹಕ್ಕಿ ಕೂತಿದೆ ಅಂತ ನೋಡ್ತಿದ್ದೀನಿ."

ಅಕ್ಕ ಎದ್ದು, ಹಳದಿ ಗೆರೆ ದಾಟಿ, ಮಾಸ್ಕು ಇಳಿಸಿ, ಆ ಅರ್ಧ ಖರ್ಜೂರವನ್ನು ಬಾಯಿಗಿಟ್ಟಳು. ಕಹಿಯ ಮೇಲೆ ಬಿದ್ದ ಸಿಹಿ ನಿಧಾನಕ್ಕೆ ಹರಡಿತು. ಅವಳ ದವಡೆ ಆಡುವುದನ್ನೂ ತುತ್ತು ಗಂಟಲಿಗೆ ಇಳಿಯುವುದನ್ನೂ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ದೊಡ್ಡಮ್ಮ ತನ್ನ ಅರ್ಧವನ್ನು ತಿಂದಳು. ತಿಂದು, ಜಾಲರಿಗೆ ಬೆನ್ನು ಆನಿಸಿ ಕೂತಳು.

"ಇನ್ಮೇಲೆ ದಿನಾ ಹೀಗೇ ಪರೀಕ್ಷೆ ಮಾಡ್ತಾಳೆ ನಿಮ್ಮನ್ನ" ಎಂದರು ಡಾಕ್ಟರು, ಮರದಿಂದ ಕಣ್ಣು ಕೀಳದೆ.

"ಮಾಡ್ಲಿ ಬಿಡಿ" ಎಂದಳು ಅಕ್ಕ.

"ಸಂಜೆಗೂ ಒಂದು ಚಮಚ ಇದೆ, ನೆನಪಿದೆಯಲ್ಲ?"

"ಇದೆ. ಇನ್ನೊಂದು ಖರ್ಜೂರ ಎತ್ತಿಟ್ಟಿದ್ದೀನಿ. ಅದರಲ್ಲೂ ಅರ್ಧ ನಂದೇ." ಅಕ್ಕ ಚಮಚ ತೊಳೆಯಲು ನಲ್ಲಿಯ ಕಡೆ ನಡೆದಳು.