ಪೆನ್‌ಡ್ರೈವ್ ಇಳಕಲ್ಲಿನಲ್ಲೇ ಉಳಿಯಿತು

ನಾಸೀರ ಇಪ್ಪತ್ತೆಂಟು ದಿನ ಇಳಕಲ್ಲಿನ ಮನೆಯಲ್ಲಿರುತ್ತಾನೆ, ಇಪ್ಪತ್ತೆಂಟು ದಿನ ಸಮುದ್ರದ ಮೇಲಿರುತ್ತಾನೆ. ಮುಂಬೈಯಿಂದ ಹೆಲಿಕಾಪ್ಟರಿನಲ್ಲಿ ಹೋಗಬೇಕಾದ ಎಣ್ಣೆಬಾವಿಯ ಕಟ್ಟೆಯಲ್ಲಿ ಅವನ ಕೆಲಸ. ಮೊಬೈಲನ್ನು ಮುಂಬೈಯಲ್ಲೇ ಒಪ್ಪಿಸಿ ಹೋಗಬೇಕು. ಅಲ್ಲಿಂದ ಮನೆಗೆ ಮಾತಾಡಲು ಒಂದೇ ಫೋನು, ವಾರಕ್ಕೆ ಹತ್ತು ನಿಮಿಷ. ಬೆನ್ನ ಹಿಂದೆ ಸಾಲು.

"ಊಟ ಆತೇನು, ಮಗಳು ಸಾಲಿಗೆ ಹೋದಳೇನು ಅನ್ನೂದ್ರಾಗ ಹತ್ತು ನಿಮಿಷ ಮುಗೀತಾವ," ಎನ್ನುತ್ತಾಳೆ ಅವನ ಹೆಂಡತಿ ಮೆಹರುನ್ನಿಸಾ. ಬೇರೆ ಮಾತುಗಳೂ ಇರುತ್ತವೆ. ಅವು ಸಾಲಿನಲ್ಲಿ ನಿಂತವರಿಗಲ್ಲ.

ಈ ಸಲ ಅವನು ಹೊರಡುವ ಹಿಂದಿನ ದಿನ ಅವಳು ಮಗ್ಗದ ಕೋಣೆಯ ಬಾಗಿಲು ಹಾಕಿಕೊಂಡು ಆ ಮಾತುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದಳು. ಪೆನ್‌ಡ್ರೈವಿಗೆ ಹಾಕಿಸಿ ಅವನ ಜೊತೆ ಕಳಿಸಲು ಪಕ್ಕದ ಮನೆಯ ಶಿವಗಂಗಾಳ ಹತ್ತಿರ ಹೋದಳು. ಶಿವಗಂಗಾ ಗ್ರಾನೈಟ್ ಕಾರ್ಖಾನೆಯಲ್ಲಿ ಪಾಲಿಶ್ ಮಷಿನ್ ನಡೆಸುವವಳು. ಮನೆಯಲ್ಲಿ ಲ್ಯಾಪ್‌ಟಾಪ್ ಇದೆ.

"ಇದನ್ನ ಅಲ್ಲಿ ಎದಕ್ಕ ಹಚ್ಚಿ ಕೇಳ್ತಾನ?"

"ಕಂಟ್ರೋಲ್ ರೂಮಿನ ಕಂಪ್ಯೂಟರಿಗಿ. ಪಾಳಿ ಮ್ಯಾಲೆ ಒಬ್ಬರ ಇರ್ತಾರ ಅಕ್ಕ."

ಶಿವಗಂಗಾ ಪೆನ್‌ಡ್ರೈವನ್ನು ತಿರುಗಿ ಅವಳ ಕೈಗಿಟ್ಟಳು. "ತುಂಬಂಗಿಲ್ಲ."

"ಯಾಕ? ನನ್ನ ದನಿ ಕೇಳಿ ಬಾವಿ ಬತ್ತತೈತೇನು?"

ಅಷ್ಟರಲ್ಲಿ ಹೆಂಡತಿಯನ್ನು ಹುಡುಕಿಕೊಂಡು ನಾಸೀರನೇ ಬಂದ. ಶಿವಗಂಗಾ ಅವನನ್ನೇ ಕೇಳಿದಳು. "ತಮ್ಮಾ, ನಿಮ್ಮ ಕಂಟ್ರೋಲ್ ರೂಮಿನ ಕಂಪ್ಯೂಟರ್ ಏನೇನು ನೋಡಿಕೊಂತೈತಿ?"

ನಾಸೀರನಿಗೆ ಇದು ಹೆಮ್ಮೆಯ ವಿಷಯ. "ಮೊದಲು ಎಲ್ಲಾ ಬ್ಯಾರೆ ಬ್ಯಾರೆ ಇತ್ರಿ ಅಕ್ಕಾರ. ಗ್ಯಾಸ್ ಸೋರಿದ್ದು ಹಿಡಿಯೂದು ಒಂದು, ವಾಲ್ವ್ ಮುಚ್ಚೂದು ಒಂದು, ಗಂಟಿ ಒಂದು, ಫೋನ್ ಒಂದು. ಒಬ್ಬಾಂವ ಓಡಿಹೋಗಿ ಇನ್ನೊಬ್ಬಗ ಹೇಳಬೇಕಿತ್ತು. ಹೋದ ವರ್ಷ ಎಲ್ಲಾ ಕೂಡಿಸ್ಯಾರ. ಈಗ ಗ್ಯಾಸ್ ಸೋರಿದ್ರ ವಾಲ್ವ್ ತಾನ ಮುಚ್ಚತೈತಿ, ಮಲಗೂ ಖೋಲ್ಯಾಗ ಸ್ಪೀಕರ್ ಒದರತೈತಿ, ಮುಂಬೈ ಆಫೀಸಿನ್ಯಾಗೂ ಕಾಣತೈತಿ."

"ಚಲೋ ಮಾಡ್ಯಾರ. ಮೆಹರೂ, ನೀ ಸೀರಿ ಮೈಗಿ ಸೆರಗು ಹೆಂಗ ಕೂಡಸ್ತಿ?"

"ಕೊಂಡಿ ಹಾಕಿ. ನೂಲಿಗಿ ನೂಲು."

"ಒಂದು ಕೊಂಡಿ ಜಾರಿದ್ರ?"

ಪಕ್ಕದ್ದೂ ಸಡಿಲಾಗುತ್ತದೆ. ನೇಕಾರ್ತಿಗೆ ಅದನ್ನು ಹೇಳಿಕೊಡಬೇಕಿಲ್ಲ. ಆದರೂ ಮೆಹರುನ್ನಿಸಾ ಸೋಲಲಿಲ್ಲ. "ನೂಲು ಬ್ಯಾರೆ, ಕಂಪ್ಯೂಟರ್ ಬ್ಯಾರೆ ಅಕ್ಕ."

"ಮುನಾಫನ ಕೈ ನೋಡೀಯಿಲ್ಲ?"

ಮುನಾಫ ನಾಸೀರನ ಚಿಕ್ಕಪ್ಪನ ಮಗ, ಶಿವಗಂಗಾಳ ಜೊತೆಗೇ ಕೆಲಸಕ್ಕಿದ್ದವನು. ಬಲಗೈಯಲ್ಲಿ ಎರಡು ಬೆರಳಿಲ್ಲ. ಕಲ್ಲು ಬಿದ್ದು ಹೋದವು ಎಂದೇ ಓಣಿಯೆಲ್ಲ ತಿಳಿದಿತ್ತು.

"ಕಲ್ಲು ಬಿದ್ದಿದ್ದಲ್ಲ. ಮಷಿನ್ನಿನ ಕಂಪ್ಯೂಟರಿಗಿ ಹಾಡಿನ ಪೆನ್‌ಡ್ರೈವ್ ಹಚ್ಚಿದ್ರು. ಅದರಾಗ ವೈರಸ್ ಇತ್ತು. ಪರದಿ ಮ್ಯಾಲೆ ‘ಬಂದ್ ಆಗೈತಿ’ ಅಂತ ಇದ್ದದ್ದು ಹಂಗ ನಿಂತುಬಿಡ್ತು. ಮಷಿನ್ ಬಂದ್ ಆಗಿರಲಿಲ್ಲ, ಮುಂದಿನ ಕಲ್ಲಿಗಿ ಕಾಯಕತ್ತಿತ್ತು. ಅಂವ ಪರದಿ ನಂಬಿ ಕೈ ಹಾಕಿದ."

"ಯಾರು ಹಚ್ಚಿದ್ರು?" ಎಂದಳು ಮೆಹರುನ್ನಿಸಾ.

"ನಾನ."

ಶಿವಗಂಗಾ ಲ್ಯಾಪ್‌ಟಾಪನ್ನು ಬದಿಗೆ ಸರಿಸಿ ಮುಂದುವರಿಸಿದಳು.

"ಹಚ್ಚಿದ ಕೂಡಲೆ ಪರದಿ ಒಮ್ಮೆ ಮಿಣುಕಿತು. ಬೈತಾರಂತ ಕಿತ್ತು ಮುಚ್ಚಿಟ್ಟೆ. ಆಗ ಹೇಳಿದ್ರ ಮಷಿನ್ ನಿಲ್ಲಸ್ತಿದ್ರು, ಅವನ ಬೆರಳು ಉಳೀತಿದ್ವು. ತಮ್ಮಾ, ನಿಮ್ಮ ಕಟ್ಟಿ ಮ್ಯಾಲೆ ಎಷ್ಟು ಮಂದಿ?"

"ನೂರಾ ಹತ್ತು."

"ಗ್ಯಾಸ್ ಸೋರಿದಾಗ ಪರದಿ ಏನೂ ಆಗಿಲ್ಲ ಅಂದ್ರ, ಎಲ್ಲಿಗಿ ಓಡ್ತೀರಿ?"

ನಾಸೀರ ತನ್ನ ಕಾಲು ನೋಡಿಕೊಂಡ. "ಸುತ್ತ ನೀರ ಐತ್ರಿ," ಎಂದ.

"ಪೆನ್‌ಡ್ರೈವ್ ತಪಾಸಣಿ ಮಾಡೂ ಕಂಪ್ಯೂಟರ್ ಬ್ಯಾರೆ ಇರ್ತೈತೆಲ್ಲ?"

"ಐತ್ರಿ. ಕೆಲಸದ್ದಷ್ಟ ತಗೋತಾರ. ಹೆಂಡತಿ ಮಾತು ಅಂದ್ರ ನಗ್ತಾರ."

ಮೆಹರುನ್ನಿಸಾ ಎದ್ದು ಮನೆಗೆ ಹೋದಳು. ಪೆನ್‌ಡ್ರೈವನ್ನು ಮಗ್ಗದ ಮೇಲಿನ ಗೂಡಿನಲ್ಲಿಟ್ಟಳು. ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದು ಬರೆಯಲು ಕೂತಳು. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಗಂಡನ ಕೈಗಿಟ್ಟಳು.

"ಒತ್ತು, ದೀರ್ಘ ತಪ್ಪ್ಯಾವ."

"ಇಪ್ಪತ್ತೆಂಟು ದಿನ ಐತಿ. ಕೂಡಿಸಿ ಕೂಡಿಸಿ ಓದ್ತೇನಿ."

ಕಾಗದ ದನಿಯಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಒಂಬತ್ತನೆಯ ದಿನ ಫೋನು ಬಂತು. ಹಿಂದೆ ಯಾರೋ ಕೆಮ್ಮುತ್ತಿದ್ದರು.

"ಓದಿದ್ರೇನು?" ಎಂದಳು.

"ಅರ್ಧ ಆಗೈತಿ."

"ಒಂದ ಹಾಳಿ ಅಲ್ಲೇನ್ರಿ ಅದು?"

"ದಿನಾ ಎರಡು ಸಾಲು ಓದ್ತೇನಿ. ಖಾಲಿ ಆದ್ರ ಮತ್ತೇನು ಮಾಡ್ಲಿ?"

 ಹತ್ತು ನಿಮಿಷದಲ್ಲಿ ಒಂದು ನಿಮಿಷ ಹಾಗೇ ಹೋಯಿತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಮಷಿನ್ನಿನ ಕಂಪ್ಯೂಟರಿನ ಮುಂದೆ ಕೂಡುವವರು ಇರಬಹುದು. ಅದು ಎಣ್ಣೆಬಾವಿ ಇರಲಿ, ಕಲ್ಲಿನ ಕಾರ್ಖಾನೆ ಇರಲಿ, ನೀರಿನ ಪಂಪ್‌ಹೌಸ್ ಇರಲಿ. ಆ ಕಂಪ್ಯೂಟರಿಗೆ ನಿಮ್ಮ ಪೆನ್‌ಡ್ರೈವ್ ಹಚ್ಚಬೇಡಿ. ಚಾರ್ಜಿಗೆಂದು ಮೊಬೈಲ್ ಕೂಡ ಹಚ್ಚಬೇಡಿ. ಹಚ್ಚಿಬಿಟ್ಟಿದ್ದರೆ ಮುಚ್ಚಿಡದೆ ಅದೇ ಗಳಿಗೆಗೆ ಮೇಲಿನವರಿಗೆ ಹೇಳಿ. ಬೈದರೆ ಬೈಸಿಕೊಳ್ಳಿ. ಕೆಲಸಕ್ಕೆ ಹೋದ ಮನುಷ್ಯ ಕೈಕಾಲು ಗಟ್ಟಿ ಇದ್ದು ಇಳಕಲ್ ಬಸ್ಸು ಇಳಿಯಲಿ. ಮೊಬೈಲಿನಲ್ಲಿ ತುಂಬಿಟ್ಟ ಮಾತು ಅಲ್ಲಿಯವರೆಗೆ ಕಾಯುತ್ತದೆ.