ಮೂಲೆಯಿಲ್ಲದ ಗುಡಿ

ವನಗೂರಿನ ಮೇಲಿನ ಗುಡ್ಡದಲ್ಲಿರುವ ದುಂಡುಗುಡಿಗೆ ಮೂಲೆಯೇ ಇಲ್ಲ. ಏಳುನೂರು ವರ್ಷದ ಹಿಂದೆ ಕಟ್ಟಿದ ಶಿಲ್ಪಿ ಬೇಕೆಂದೇ ಹಾಗೆ ಕಟ್ಟಿದನಂತೆ. ಹೆರಿಗೆಗೆ ಯಾರೂ ಒಂದು ಮೂಲೆ ಕೊಡದೆ ಬಯಲಲ್ಲೇ ಸತ್ತ ಹೆಂಗಸೊಬ್ಬಳು ದೆವ್ವವಾಗಿ ಬಾಣಂತಿಯರ ಮನೆ ಹೊಗುತ್ತಿದ್ದಳಂತೆ. ಅವಳು ಹೊಕ್ಕ ಮನೆಯ ಕೂಸು ಉಳಿಯುತ್ತಿರಲಿಲ್ಲ. "ಬಾರವ್ವ, ಇದರೊಳಗೆ ನಿಂಗೊಂದು ಮೂಲೆ ಐತೆ" ಎಂದು ಶಿಲ್ಪಿ ಅವಳನ್ನು ಕರೆದ. ಮೂಲೆ ಸಿಗುವವರೆಗೆ ಹೊರಡೆನೆಂದು ಅವಳು ಇವತ್ತಿಗೂ ಗೋಡೆಗುಂಟ ಸುತ್ತುತ್ತಿದ್ದಾಳೆ. ಊರವರು ಇದನ್ನು ಜಾಣತನ ಅನ್ನುತ್ತಾರೆ. ಮೋಸ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಮಗ್ಗೆ ಊರಿನ ಗಾರೆ ಮೇಸ್ತ್ರಿ ಧರ್ಮ ಇಂಥದ್ದನ್ನೆಲ್ಲ ಕಿವಿಗೆ ಹಾಕಿಕೊಳ್ಳುವವನಲ್ಲ. ಪೂಜೆ ಸಾಮಾನಿಡಲು ಗುಡಿಯೊಳಗೇ ಪುಟ್ಟದೊಂದು ಚೌಕದ ಕೋಣೆ ಕಟ್ಟು ಎಂದಿದ್ದರು ಗುಡಿಯ ಉಸ್ತುವಾರಿ ನೋಡುವ ಎಸ್ಟೇಟ್ ಮಾಲೀಕ ಪ್ರತಾಪ್. ಎರಡು ದಿನ ಬೆನ್ನ ಹಿಂದೆ ಬರಿಗಾಲಿನ ಸಪ್ಪಳ ಸುತ್ತಿತು. ಹೆಗ್ಗಣವಿರಬೇಕು ಅಂದುಕೊಂಡ. ಮೂರನೇ ದಿನ ಮೂಲೆಮಟ್ಟ ಹಿಡಿದು ಎರಡು ಗೋಡೆ ಕೂಡಿಸಿದ. ಸಪ್ಪಳ ನಿಂತಿತು. ನಡೆದು ದಣಿದವರು ಕೂತಾಗ ಬಿಡುವಂಥ ಉಸಿರೊಂದು ಮೂಲೆಯಿಂದ ಬಂತು.

ಗುಡಿ ಗುಡಿಸುವ ಮುದುಕಿ ಹುಲಿಯಮ್ಮ ಹೊಸಿಲಲ್ಲೇ ನಿಂತಳು. "ಕೂತ್ಬುಟ್ಲು ಕಣೋ ಮೇಸ್ತ್ರಿ. ಕೂತ್ಕಳ್ಳಿ ಬುಡು. ಕೂತೋಳ್ನ ಮಾತ್ರ ಎಬ್ಬಿಸ್ಬ್ಯಾಡ."

ಊರವರ ಕತೆಯನ್ನು ಧರ್ಮ ಆಗ ನಂಬಿದ. ಮನೆಯಲ್ಲಿ ಮಗಳು ಶಾಲಿನಿ ಹನ್ನೊಂದು ದಿನದ ಬಾಣಂತಿ. ಮುದುಕಿಯ ಮಾತು ಕೇಳಿದ್ದರೆ ಆಗುತ್ತಿತ್ತು. ಹೆದರಿದವನಿಗೆ ಕಿವಿ ಎಲ್ಲಿರುತ್ತದೆ? ಹುಲಿಯಮ್ಮ ಅತ್ತ ಹೋದದ್ದೇ ತಡ, ಮೂಲೆ ಸಿಕ್ಕ ದೆವ್ವ ಇನ್ನು ಹೊರಟೀತೆಂದು ಗಾರೆ ಕಲೆಸಿ, ಮೂಲೆಗೆ ಮೆತ್ತಿ ಮೆತ್ತಿ ದುಂಡಗೆ ಮಾಡಿದ. ಗಾರೆ ಮೆತ್ತುವ ಕರಣೆಯ ಕೆಳಗೆ ಏನೋ ಬೆಚ್ಚಗಿತ್ತು. ಕೆಲಸ ಮುಗಿದಾಗ ಸಪ್ಪಳ ಎದ್ದಿತು. ಈ ಸಲ ಸುತ್ತಲಿಲ್ಲ, ನೇರ ಹೊಸಿಲು ದಾಟಿ ಹೊರಗೆ ಹೋಯಿತು.

ಬೈಕಿನಲ್ಲಿ ಬಿದ್ದೆನೋ ಎದ್ದೆನೋ ಎಂದು ಮಗ್ಗೆ ಸೇರಿದಾಗ ಇನ್ನೂ ಬಿಸಿಲಿತ್ತು. ಶಾಲಿನಿ ನಡುಮನೆಯಲ್ಲಿ, ಬರಿ ನೆಲದ ಮೇಲೆ ಕೂತಿದ್ದಳು.

"ಹಾಸಿಗೆ ಬುಟ್ಟು ಇಲ್ಯಾಕ್ ಕೂತಿದ್ದೀಯವ್ವ?"

"ಒಳಗೆ ನನ್ ಮೂಲೇಲಿ ಯಾರೋ ಅಮ್ಮ ಬಂದು ಕೂತವ್ರೆ ಅಪ್ಪಾಜಿ. ನಿಮ್ಮಪ್ಪ ಒಂದು ಮೂಲೆ ಕೊಟ್ಟು ಮತ್ತೆ ಕಿತ್ಕೊಂಡ ಅಂದ್ರು. ಕಾಲೆಲ್ಲ ಒಡೆದೋಗಿತ್ತು, ಪಾಪ. ಎದ್ದು ಜಾಗ ಬುಟ್ಟೆ."

ಅವನ ಕಣ್ಣು ಅವಳ ಬರಿದಾದ ಮಡಿಲ ಮೇಲೆ ಬಿತ್ತು. "ಕೂಸೆಲ್ಲವ್ವ?"

"ಒಸಿ ಎತ್ಕೋತೀನಿ ಕೊಡು ಅಂದ್ರು," ಎಂದಳು ಶಾಲಿನಿ. "ಕೊಟ್ಟೆ."

ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಕೂಸು ಅಳುತ್ತಿರಲಿಲ್ಲ.